ಬೇಡಕಿಹಾಳದ ಶಾಂತಿ ಪತ್ರ

ಮಹಾರಾಷ್ಟ್ರದ ಗಡಿಗಂಟಿದ ಬೇಡಕಿಹಾಳದಲ್ಲಿ ಶಾಂತಿ ನೆಲೆಸಿದೆ ಎಂಬುದನ್ನು ೧೯೯೦ರ ಬೇಸಿಗೆಯವರೆಗೆ ಯಾರೂ ಸಾಬೀತುಪಡಿಸಬೇಕಾಗಿರಲಿಲ್ಲ. ಜನ ಕಬ್ಬು ಕಡಿಯುತ್ತಿದ್ದರು; ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ, ಜಗಳದಲ್ಲಿ ಎರಡನ್ನೂ ಆಡುತ್ತಿದ್ದರು.

ಆ ವರ್ಷ ತಂಬಾಕು ವ್ಯಾಪಾರಿ ತವನಪ್ಪ ಹೆಂಡತಿ ಮಂಗಲಳನ್ನು ಕರೆದುಕೊಂಡು ಯಾತ್ರೆಗೆಂದು ಕಠ್ಮಂಡುವಿಗೆ ಹೋಗಿದ್ದ. ಅಲ್ಲಿ ಅರಸೊತ್ತಿಗೆಯ ವಿರುದ್ಧ ಜನ ಎದ್ದಿದ್ದರು. ಗೋಲಿಬಾರ್, ಕರ್ಫ್ಯೂ. ಇಳಿದುಕೊಂಡಿದ್ದ ಲಾಡ್ಜಿನ ಗೋಡೆಗೆ ಹೊಂದಿಕೊಂಡೇ ಒಂದು ಅನಾಥಾಶ್ರಮ. ಮದುವೆಯಾಗಿ ವರ್ಷಗಟ್ಟಲೆ ಕಳೆದರೂ ಮಕ್ಕಳಾಗದ ಮಂಗಲ ಅಲ್ಲಿಯ ಒಂದು ಹೆಣ್ಣುಕೂಸಿಗೆ ಹಾಲು ಕುಡಿಸುತ್ತ ಕುಳಿತಳು. ಅವಳ ಸೆರಗು ಹಿಡಿದರೆ ಕೂಸು ಬಿಡುತ್ತಿರಲಿಲ್ಲ. ಸುಂದರಾ ಎಂದು ಹೆಸರಿಟ್ಟಳು. ದತ್ತಕ ಕೊಡಲು ಆಶ್ರಮದ ಹೆಂಗಸು ಒಪ್ಪಿದಳು. ಒಂದೇ ಷರತ್ತು: ಇಲ್ಲಂತೂ ಗಲಭೆ, ಕೂಸು ಹೋಗುವ ಊರಲ್ಲಾದರೂ ಇರಬಾರದು, ನಿಮ್ಮೂರು ಶಾಂತವಾಗಿದೆ ಎಂದು ಸರ್ಕಾರಿ ಪತ್ರ ಕಳಿಸಿ.

“ಅಷ್ಟ ಹೌದಿಲ್ರಿ!” ಎಂದ ತವನಪ್ಪ ಊರಿಗೆ ಬಂದವನೇ ಚಿಕ್ಕೋಡಿಯ ತಾಲೂಕು ಕಚೇರಿಗೆ ಹೋದ.

ಸಾಹೇಬರು ಗಂಭೀರರಾದರು. “ಗಲಾಟಿ ಆತಂದ್ರ ಪೊಲೀಸ್ರು ಬರೀತಾರ್ರಿ. ಶಾಂತಿ ಐತಿ ಅಂತ ನಾನೊಬ್ಬನ ಹೆಂಗ ಬರೀಲಿ? ಅದಕ್ಕ ಸಮಿತಿ ಬೇಕು.” ಗಲಭೆಯಾಗದ ಊರಿನಲ್ಲಿ ಶಾಂತಿ ಸಮಿತಿ ರಚಿಸತಕ್ಕದ್ದಲ್ಲ ಎಂಬ ನಿಯಮವಿದ್ದರೂ ದೊಡ್ಡ ಮನಸ್ಸು ಮಾಡಿ ವಿನಾಯಿತಿ ಕೊಟ್ಟರು. ಕನ್ನಡದವರ ಕಡೆಯಿಂದ ಮಲಕಾರಿ, ಮರಾಠಿಯವರ ಕಡೆಯಿಂದ ಭಾವುಸಾಹೇಬ, ಇಬ್ಬರ ಹಿಂದೆ ಇನ್ನಷ್ಟು ಜನ. ಇಬ್ಬರೂ ಅಲ್ಲಿಯವರೆಗೆ ಒಂದೇ ಕಪ್ಪಿನ ಚಹಾ ಹಂಚಿಕೊಂಡು ಕುಡಿಯುವ ದೋಸ್ತರು.

ಊರಿನಲ್ಲಿ ಶಾಂತಿಯಿದೆ ಎಂದು ಮೊದಲ ಸಭೆ ಸರ್ವಾನುಮತದಿಂದ ಒಪ್ಪಿತು. ಪತ್ರ ಯಾವ ಭಾಷೆಯಲ್ಲಿರಬೇಕೆಂದು ಎರಡನೆಯ ಸಭೆ ಸೇರಿತು.

“ಕರ್ನಾಟಕದಾಗಿನ ಶಾಂತಿ ಕನ್ನಡದಾಗ ಇರಬೇಕು,” ಎಂದ ಮಲಕಾರಿ.

“ಹೇ ಚಾಲಣಾರ ನಾಹೀ, ಇದು ನಡ್ಯಾಂಗಿಲ್ಲ! ಇಲ್ಲಿ ಶಾಂತಿ ಕಾಯ್ದಾವ್ರು ನಾವು. ಮರಾಠಿನ ಬೇಕು,” ಎಂದ ಭಾವುಸಾಹೇಬ.

ತವನಪ್ಪ ಕೈಮುಗಿದ. “ನೇಪಾಳದಾವ್ರಿಗೆ ಎರಡೂ ಬರೂದಿಲ್ರಿ. ಹಿಂದಿಯಾಗ ಬರದ್ರ ಸಾಕ್ರಿ.”

“ನೀ ಸುಮ್ಮನ ಕುಂಡರಲೇ!” ಎಂದು ಇಬ್ಬರೂ ಒಟ್ಟಿಗೆ ಗದರಿದರು. ಸಮಿತಿ ಒಮ್ಮತಕ್ಕೆ ಬಂದದ್ದು ಅದೇ ಕೊನೆ. ಮರುದಿನ ಬಸ್ಸಿನ ಗಾಜು ಒಡೆಯಿತು, ಟೈರು ಉರಿಯಿತು, ಹತ್ತಿರದ ಪೇಟೆ ನಿಪ್ಪಾಣಿಯೂ ಬಂದ್ ಆಯಿತು. ಕಚೇರಿ ಡಂಗುರ ಸಾರಿಸಿತು: “ಶಾಂತಿ ಪತ್ರದ ನಿಮಿತ್ತ ಉಂಟಾದ ಅಶಾಂತಿ ಶಮನವಾಗುವವರೆಗೆ ಐದಕ್ಕಿಂತ ಹೆಚ್ಚು ಜನ ಸೇರತಕ್ಕದ್ದಲ್ಲ. ಶಾಂತಿ ಸಮಿತಿಯ ಸದಸ್ಯರು ಐದಕ್ಕಿಂತ ಹೆಚ್ಚಿರುವುದರಿಂದ ಅದರ ಸಭೆಯೂ ನಡೆಯತಕ್ಕದ್ದಲ್ಲ.”

ಅತ್ತ ನೇಪಾಳದಲ್ಲಿ ಗಲಭೆ ತಣ್ಣಗಾಯಿತು. ದೀಪಾವಳಿಯವರೆಗೆ ಕಾಯುತ್ತೇವೆ ಎಂದು ಆಶ್ರಮ ಬರೆಯಿತು. ಮಂಗಲಳೇ ಕಚೇರಿಗೆ ಹೋದಳು.

“ಕೂಸು ನಡ್ಯಾಕ ಹತ್ತೇತಂತ್ರಿ ಸಾಹೇಬ್ರ. ನನ್ನ ಗುರ್ತ ಮರೀತೇತ್ರಿ. ಒಂದ ಸಾಲು ಬರದ ಕೊಡ್ರಿ, ನಿಮ್ಮ ಕಾಲ ಬೀಳ್ತೀನಿ.”

“ನಿಮ್ಮ ಸಂಕಟ ತಿಳೀತೇತ್ರಿ ಅವ್ವಾರ. ಆದ್ರ ಊರಾಗ ಶಾಂತಿ ಇಲ್ಲಲ್ರಿ. ಸುಳ್ಳ ಹೆಂಗ ಬರೀಲಿ?”

ಆ ಕಚೇರಿಯಲ್ಲಿ ಒಬ್ಬರು ಸುಳ್ಳು ಬರೆಯಲು ಹಿಂಜರಿದ ಸಂಗತಿ ರಾಯಬಾಗ, ಅಥಣಿಯವರೆಗೆ ಸುದ್ದಿಯಾಯಿತು.

ದೀಪಾವಳಿ ಕಳೆದ ಮೇಲೆ ಕೂಸನ್ನು ಬೇರೆಯವರಿಗೆ ಕೊಟ್ಟದ್ದಾಗಿ ಆಶ್ರಮ ತಿಳಿಸಿತು. ಮಂಗಲ ಅನ್ನ ಬಿಟ್ಟು ಮಲಗಿದಳು. ಇವರ ಬಾಯಾಗ ಮಣ್ಣ ಬೀಳ್ಲಿ! ಆದರೆ ಈ ವರದಿ ಬರೆಯುತ್ತಿರುವ ನಾನು ಹಾಗೆಲ್ಲ ಅನ್ನತಕ್ಕದ್ದಲ್ಲ. ಜಗಳಕ್ಕೆ ಕಾರಣವೇ ಉಳಿಯದ್ದರಿಂದ ಮಲಕಾರಿ, ಭಾವುಸಾಹೇಬ ಮತ್ತೆ ಚಹಾಕ್ಕೆ ಕೂತರು. ಶಾಂತಿ ನೆಲೆಸಿತು. ಸಾಹೇಬರು ತಕ್ಷಣ ಎರಡೂ ಭಾಷೆಯಲ್ಲಿ ಪತ್ರ ಬರೆಸಿ, ಮೊಹರು ಒತ್ತಿ, ತವನಪ್ಪನ ಮನೆಯಲ್ಲೇ ಸಮಾರಂಭ ಇಟ್ಟರು.

ತೊಟ್ಟಿಲಿಗೆ ಹೂ ಸುತ್ತಿ, ಪತ್ರವನ್ನು ಅದರಲ್ಲಿ ಮಲಗಿಸಲಾಯಿತು. ಮಂಗಲಳನ್ನು ಎಬ್ಬಿಸಿ ತಂದು ಉಡಿ ತುಂಬಿದರು. ಮಲಕಾರಿ ಒಂದು ಕಡೆ, ಭಾವುಸಾಹೇಬ ಇನ್ನೊಂದು ಕಡೆ ಹಿಡಿದು ತೂಗಿದರು. ಹೆಂಗಸರು ಒಂದು ನುಡಿ ಕನ್ನಡದಲ್ಲಿ, ಒಂದು ಮರಾಠಿಯಲ್ಲಿ ಜೋಗುಳ ಹಾಡಿದರು.

“ಕೂಸೆಲ್ಲೈತ್ರಿ?” ಎಂದಳು ಮಂಗಲ.

“ಕೂಸಿನ ವಿಷಯ ಈ ಸಮಿತಿ ವ್ಯಾಪ್ತಿಗೆ ಬರೂದಿಲ್ಲವ್ವಾ,” ಎಂದರು ಸಾಹೇಬರು. ಖರೇನ ಐತಿ ಎಂದು ಸಭೆ ತಲೆದೂಗಿತು.

ಪಕ್ಕದ ಮನೆಯ ಸೋನಾಬಾಯಿ ಅವಳ ಕಣ್ಣೊರೆಸಿದಳು. “ಅಳಬ್ಯಾಡ ಬೇ, ಮಂದಿ ಏನಂದಾರು. ಎಲ್ಲಾರೂ ತೂಗಾಕತ್ತಾರ, ನೀನೂ ಒಂದ ಕೈ ಹಚ್ಚು.”

ಮಂಗಲ ಕೈ ಹಚ್ಚಿದಳು.