ಒಂಬತ್ತಡಿ ರಸ್ತೆ ಮತ್ತು ನಾನೂರು ಹಪ್ಪಳ

೧೯೭೮ನೇ ಇಸವಿ ಜುಲೈ ಹನ್ನೆರಡು, ಬುಧವಾರ. ಬೆಳಗಿನಿಂದ ತುಂತುರು ಇದ್ದು, ಹತ್ತು ಗಂಟೆಯ ಹೊತ್ತಿಗೆ ಹೊಳವಾಗಿ ಬಿಸಿಲು ಬಿತ್ತು.

ಅಜ್ಜಂಪುರದಿಂದ ಹೊರಟು ತರೀಕೆರೆ ದಾರಿಯನ್ನು ಸೇರುವ ಕಿರುರಸ್ತೆಯ ಡಾಂಬರಿನ ಅಗಲ ಒಂಬತ್ತು ಅಡಿ. ಅಂಚು ಮತ್ತು ಕಿರುರಸ್ತೆಗಳ ಉಪಕಚೇರಿಯ ದಾಖಲೆಯಲ್ಲಿ ಹಾಗೆ ಬರೆದಿರುವುದರಿಂದ ಈ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಬಿಸಿಲು ಬಿದ್ದ ಧೈರ್ಯದಲ್ಲಿ ಗುಂಡಣ್ಣನವರು ಸೈಕಲ್ಲಿನ ಕ್ಯಾರಿಯರಿಗೆ ಹಪ್ಪಳದ ಡಬ್ಬ ಕಟ್ಟಿಕೊಂಡು ಆ ರಸ್ತೆಯಲ್ಲಿ ಹೊರಟರು. ಎದುರಿನಿಂದ ಈರುಳ್ಳಿ ಮಂಡಿಯ ಮಲ್ಲಿಕಾರ್ಜುನಪ್ಪನವರ ಅಂಬಾಸಡರ್ ಕಾರು ಬಂತು. ಇಬ್ಬರೂ ಬಲ್ಲವರು. ಮಲ್ಲಿಕಾರ್ಜುನಪ್ಪನವರು ಕೈ ಎತ್ತಿ ನಮಸ್ಕಾರ ಮಾಡಿದರು. ಗುಂಡಣ್ಣನವರೂ ಒಂದು ಕೈ ಎತ್ತಿದರು. ಮರುಗಳಿಗೆಯಲ್ಲಿ ಕಾರು ರಸ್ತೆಯ ಮೇಲೆಯೂ, ಸೈಕಲ್ಲು ಚರಂಡಿಯಲ್ಲಿಯೂ, ನಾನೂರು ಹಪ್ಪಳ ಅವೆರಡರ ನಡುವೆಯೂ ಇದ್ದವು.

ಆ ನಾನೂರು ಹಪ್ಪಳ ಗುಂಡಣ್ಣನವರ ಹೆಂಡತಿ ಸೀತಾದೇವಿಯವರು ಬೇಸಿಗೆಯಲ್ಲಿ ಲಟ್ಟಿಸಿ ಒಣಗಿಸಿದವು. ತರೀಕೆರೆಯ ಊಟದ ಹೋಟೆಲಿಗೆ ಹೋಗಬೇಕಾದ ಕೊನೆಯ ಸರಕು. ಅದರ ದುಡ್ಡು ಬಂದರೆ ಮುಂದಿನ ಬೇಸಿಗೆಗೆ ಉದ್ದು ಕೊಳ್ಳಬಹುದು. ಬಾರದಿದ್ದರೆ ಉದ್ದಿಲ್ಲ, ಉದ್ದಿಲ್ಲದಿದ್ದರೆ ಹಪ್ಪಳವಿಲ್ಲ. ಆ ಮನೆಗೆ ಬೇರೆ ಸಂಪಾದನೆಯೂ ಇರಲಿಲ್ಲ.

ಮಲ್ಲಿಕಾರ್ಜುನಪ್ಪನವರು ಕಾರಿನಿಂದ ಇಳಿದವರೇ ಗುಂಡಣ್ಣನವರನ್ನು ಕೈಹಿಡಿದು ಎಬ್ಬಿಸಿ, ಜುಬ್ಬದ ಜೇಬಿಗೆ ಕೈ ಹಾಕಿದರು.

"ಏಟಾಯ್ತಾ ಗುಂಡಣ್ಣನೋರೇ? ಹಪ್ಪಳದ್ದು ಎಷ್ಟಾಗ್ತದೆ ಹೇಳಿ, ಕೊಟ್ಬಿಡ್ತೀನಿ."

ವ್ಯವಹಾರ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಅದೃಷ್ಟವಶಾತ್ ಕಾರಿನ ಹಿಂದಿನ ಸೀಟಿನಲ್ಲಿ ಉಪಕಚೇರಿಯ ಇಂಜಿನಿಯರ್ ದ್ವಾರಕಾನಾಥರು ಕೂತಿದ್ದರು. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಜೇಬಿನಿಂದ ಕೈ ತೆಗೀರಿ ಯಜಮಾನ್ರೇ. ದುಡ್ಡು ಕೊಟ್ರೆ ಅಪಘಾತ ಆಯ್ತು ಅಂತ ಒಪ್ಪಿಕೊಂಡ ಹಾಗೆ. ಅಪಘಾತ ಆಯ್ತು ಅಂದ್ರೆ ರಸ್ತೆ ಸಾಲದು ಅಂತ ಅರ್ಥ. ಈ ರಸ್ತೆ ಸಾಕು ಅಂತ ರುಜು ಹಾಕಿರೋನು ನಾನು."

"ಹಂಗಾದ್ರೆ ಈ ಹಪ್ಪಳ?" ಎಂದರು ಗುಂಡಣ್ಣನವರು.

"ಅರ್ಜಿ ಕೊಡಿ. ವಿಚಾರಣೆ ಮಾಡ್ತೀವಿ. ಹಪ್ಪಳ ಮುಟ್ಟಬೇಡಿ, ಸಾಕ್ಷಿ ಅವು."

ಸಾಕ್ಷಿಗಳನ್ನು ಸಂಜೆಯೊಳಗೆ ಕಾಗೆಗಳು ತಿಂದು ಮುಗಿಸಿದವು. ಒಂದು ಹಪ್ಪಳ ಮಾತ್ರ ಡಬ್ಬದ ತಳಕ್ಕೆ ಅಂಟಿಕೊಂಡು ಉಳಿಯಿತು.

ಅರ್ಜಿಯ ಮೇಲೆ ಉಪಕಚೇರಿಯು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿತು. ರಸ್ತೆ ಒಂಬತ್ತು ಅಡಿ. ಕಾರು, ಕಂಪನಿಯವರ ಪುಸ್ತಕದ ಪ್ರಕಾರ, ಐದೂವರೆ ಅಡಿ. ಸೈಕಲ್ಲಿನ ಹ್ಯಾಂಡಲ್ಲು ಸುಮಾರು ಎರಡು ಅಡಿ. ಇನ್ನೂ ಒಂದೂವರೆ ಅಡಿ ಮಿಗುತ್ತದೆ. ಇಷ್ಟು ಜಾಗವಿರುವ ಕಡೆ ಅಪಘಾತವಾಗಿರುವುದು ನಂಬಲರ್ಹವಲ್ಲವೆಂದು ಷರಾ ಬರೆದು, ಆದರೂ ಅರ್ಜಿದಾರರ ಸಮಾಧಾನಕ್ಕಾಗಿ ಸ್ಥಳ ತನಿಖೆಗೆ ದಿನ ಗೊತ್ತುಮಾಡಲಾಯಿತು.

ತನಿಖೆಯ ದಿನ ದ್ವಾರಕಾನಾಥರೂ, ರಸ್ತೆಯನ್ನು ಮಾಡಿಸಿದ ಕಂಟ್ರಾಕ್ಟರ್ ಷಡಕ್ಷರಿಯವರೂ, ಜವಾನ ಈರಣ್ಣನೂ ಟೇಪು ಹಿಡಿದು ಬಂದರು. ಬಟ್ಟೆಯ ಟೇಪು. ಈರಣ್ಣ ಒಂದು ತುದಿಯನ್ನು ಡಾಂಬರಿನ ಅಂಚಿಗೆ ಒತ್ತಿ ಹಿಡಿದ. ಷಡಕ್ಷರಿಯವರು ಇನ್ನೊಂದು ಅಂಚಿಗೆ ಎಳೆದು, "ಒಂಬತ್ತು!" ಎಂದು ಕೂಗಿದರು. ಮಲ್ಲಿಕಾರ್ಜುನಪ್ಪನವರು ತಕ್ಕಡಿಯ ಜೊತೆ ಬದುಕಿದವರು. ಬಗ್ಗಿ ಈರಣ್ಣನ ಬೆರಳಿನ ಬುಡ ನೋಡಿದರು.

"ಏನ್ ಸಾಹೇಬ್ರೇ, ನಿಮ್ಮ ಟೇಪು ಎರಡರಿಂದ ಶುರುವಾಗ್ತದೆ?"

"ಮೊದಲಿನ ಎರಡು ಅಡಿ ಇಲ್ಲ. ಹಿಂದಿನ ಸಾಹೇಬರ ಕಾಲದಲ್ಲಿ ಕಡತ ಕಟ್ಟೋಕೆ ದಾರ ಸಾಲದೆ ಕತ್ತರಿಸಿದ್ರು."

"ಹಂಗಾದ್ರೆ ಬಂದಿದ್ರಲ್ಲಿ ಎರಡು ಕಳೀಬೇಕಲ್ರೀ."

"ಅಳತೆ ಪುಸ್ತಕದಲ್ಲಿ ಕಳೆಯೋ ಕಾಲಂ ಇಲ್ಲ," ಎಂದರು ದ್ವಾರಕಾನಾಥರು.

"ನಮ್ಮ ಮಂಡಿ ತಕ್ಕಡಿ ಹಿಂಗಿದ್ದಿದ್ರೆ ನನ್ನ ಒದ್ದು ಒಳಗೆ ಹಾಕ್ತಿದ್ರು."

"ನಿಮ್ಮದು ಖಾಸಗಿ. ಇದು ಸರ್ಕಾರದ್ದು."

ಷಡಕ್ಷರಿಯವರು ಈ ಮಾತುಕತೆಯಲ್ಲಿ ಪಾಲ್ಗೊಳ್ಳದೆ ದೂರದ ಹೊಲಗಳನ್ನು ನೋಡುತ್ತಿದ್ದರು.

ನಂತರ ಅದೇ ಟೇಪಿನಿಂದ ಗುಂಡಣ್ಣನವರ ಸೈಕಲ್ಲನ್ನು ಅಳೆಯಲಾಯಿತು. ಹ್ಯಾಂಡಲ್ಲು ನಾಲ್ಕು ಅಡಿ ಬಂತು. ಕಾರಿನ ಐದೂವರೆಯೂ ಸೈಕಲ್ಲಿನ ನಾಲ್ಕೂ ಸೇರಿದರೆ ಒಂಬತ್ತೂವರೆ. ದ್ವಾರಕಾನಾಥರ ಮುಖ ಅರಳಿತು.

"ನೋಡಿದ್ರಾ? ರಸ್ತೆ ಕಿರಿದಾಗಿಲ್ಲ. ನಿಮ್ಮ ಸೈಕಲ್ಲು ಅಗಲವಾಗಿದೆ."

"ಅಂಗಡೀಲಿ ಕೊಡುವಾಗ ಇಷ್ಟಿರಲಿಲ್ಲ ಸ್ವಾಮಿ," ಎಂದರು ಗುಂಡಣ್ಣನವರು.

"ಬಳಸ್ತಾ ಬಳಸ್ತಾ ಆಗ್ತದೆ."

ವಾರದೊಳಗೆ ಉಪಕಚೇರಿಯ ಗೋಡೆಯ ಮೇಲೆ ಪ್ರಕಟಣೆ ಬಂತು:

"ಸಮಸ್ತ ಸೈಕಲ್ ಸವಾರರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಾಲ್ಕು ಅಡಿ ಅಗಲವಿರುವುದಾಗಿ ಕಂಡುಬಂದ ತಮ್ಮ ವಾಹನಗಳನ್ನು ಇಂದಿನಿಂದ ಎತ್ತಿನ ಗಾಡಿಗಳೆಂದು ಪರಿಗಣಿಸಲಾಗುವುದು. ಗಾಡಿ ತೆರಿಗೆ ಕಟ್ಟಿ ಬಿಲ್ಲೆ ಪಡೆಯತಕ್ಕದ್ದು. ಹೊತ್ತು ಮುಳುಗಿದ ಮೇಲೆ ವಾಹನದ ಕೆಳಗೆ ಲಾಟೀನು ತೂಗುಹಾಕತಕ್ಕದ್ದು. ಎತ್ತುಗಳು ಇಲ್ಲದಿರುವುದು ಮಾಲೀಕರ ಸ್ವಂತ ಜವಾಬ್ದಾರಿ."

ಸವಾರರು ಒಂದಷ್ಟು ಗೊಣಗಿ ತೆರಿಗೆ ಕಟ್ಟಿದರು. ಕಟ್ಟಿದ ಮೇಲೆ ಅವರಲ್ಲೊಬ್ಬರು ಗಾಡಿಗಳ ನಿಯಮ ಓದಿದರು. ಅದರಲ್ಲಿ, ಎದುರಿಗೆ ಗಾಡಿ ಬಂದಾಗ ಎತ್ತುಗಳು ಬೆದರದಂತೆ ಕಾರುಗಳೇ ಮಣ್ಣಿಗೆ ಇಳಿದು ದಾರಿ ಬಿಡತಕ್ಕದ್ದು ಎಂದಿತ್ತು. ಮಾರನೆಯ ದಿನದಿಂದ ಸೈಕಲ್ಲುಗಳು ಡಾಂಬರಿನ ನಟ್ಟನಡುವೆ, ಗಾಡಿಗಳಿಗೆ ತಕ್ಕ ನಿಧಾನದಲ್ಲಿ ಹೋಗತೊಡಗಿದವು.

"ದಾರಿ ಬಿಡ್ರೀ ಗುಂಡಣ್ಣನೋರೇ, ಕಡೂರಿಗೆ ಹೋಗ್ಬೇಕು. ಹೊತ್ತಾಯ್ತು!" ಎಂದು ಮಲ್ಲಿಕಾರ್ಜುನಪ್ಪನವರು ಹಾರ್ನು ಒತ್ತಿದರೆ, ಗುಂಡಣ್ಣನವರು ಪೆಡಲು ನಿಲ್ಲಿಸಿ ವಿನಯದಿಂದ ಹೇಳುತ್ತಿದ್ದರು: "ಹಾರ್ನ್ ಮಾಡ್ಬೇಡಿ ಯಜಮಾನ್ರೇ, ಎತ್ತು ಬೆದರ್ತವೆ."

ಕಾರು ಮಣ್ಣಿಗೆ ಇಳಿಯುತ್ತಿತ್ತು. ಮಳೆಗಾಲವಾದ್ದರಿಂದ ಹೂತುಕೊಳ್ಳುತ್ತಿತ್ತು. ಗುಂಡಣ್ಣನವರು ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ಬಂದು ಹಿಂದಿನಿಂದ ತಳ್ಳುತ್ತಿದ್ದರು. ತಳ್ಳುವಾಗ ಇಬ್ಬರೂ ಅರ್ಜಿಯ ವಿಷಯ ಮಾತಾಡಿಕೊಳ್ಳುತ್ತಿದ್ದರು.

"ಹಪ್ಪಳದ್ದು ಏನಾಯ್ತು?"

"ಕಡತ ಕಡೂರಿಗೆ ಹೋಗಿದೆಯಂತೆ."

"ಅದು ಹೆಂಗೆ ಹೋಯ್ತು? ನಾನೇ ಇನ್ನೂ ಹೋಗೋಕಾಗಿಲ್ಲ."

ಮೂರು ವಾರ ಮಣ್ಣಿನಲ್ಲಿ ಓಡಾಡಿದ ಮೇಲೆ ಮಲ್ಲಿಕಾರ್ಜುನಪ್ಪನವರು ತಮ್ಮ ಕಾರನ್ನೂ ಇಲಾಖೆಯ ಟೇಪಿನಿಂದಲೇ ಅಳೆಯಬೇಕೆಂದು ಅರ್ಜಿ ಕೊಟ್ಟರು. ಒಂದು ವಾಹನಕ್ಕೆ ಕಂಪನಿಯ ಅಳತೆ, ಇನ್ನೊಂದಕ್ಕೆ ಸರ್ಕಾರದ ಅಳತೆ ಎಂದರೆ ಪಕ್ಷಪಾತವಾಗುತ್ತದೆ ಎಂದು ದ್ವಾರಕಾನಾಥರಿಗೂ ಅನ್ನಿಸಿತು. ಅಳೆದರು. ಏಳೂವರೆ ಅಡಿ ಬಂತು. ನಿಯಮಾವಳಿಯಲ್ಲಿ ಏಳು ಅಡಿ ಮೀರಿದ್ದು ಬಸ್ಸು.

ಬಸ್ಸಾದ ಮೇಲೆ ಯಾವ ಗಾಡಿಗೂ ದಾರಿ ಬಿಡಬೇಕಾಗಿರಲಿಲ್ಲ. ಆದರೆ ಕೈ ತೋರಿಸಿದವರಿಗೆ ನಿಲ್ಲಿಸಬೇಕಾಗಿತ್ತು. ಮೊದಲ ದಿನವೇ ಹುಚ್ಚಮ್ಮ ಎಂಬುವರು ಎರಡು ಕೋಳಿ ಹಿಡಿದುಕೊಂಡು ಕೈ ಅಡ್ಡ ಹಾಕಿದರು. ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತು, "ತರೀಕೆರೆಗೆ ಒಂದು ಕೊಡಪ್ಪಾ," ಎಂದರು.

"ಏನು ಕೊಡ್ಲವ್ವಾ?"

"ಟಿಕೀಟು ಕಣಪ್ಪಾ. ಪುಕ್ಕಟೆ ಬರೋಳಲ್ಲ ನಾನು. ಕೋಳಿಗೂ ಹಾಕ್ತೀಯಾ?"

ಮಲ್ಲಿಕಾರ್ಜುನಪ್ಪನವರು ಮಂಡಿಯ ಚೀಟಿ ಪುಸ್ತಕ ತೆಗೆದು, ಈರುಳ್ಳಿ ಎಂಬುದನ್ನು ಹೊಡೆದುಹಾಕಿ ಹುಚ್ಚಮ್ಮ ಎಂದು ಬರೆದು ಹರಿದು ಕೊಟ್ಟರು. ಹದಿನೈದು ದಿನದಲ್ಲಿ ಅವರಿಗೆ ಇದು ಒಗ್ಗಿಹೋಯಿತು. ಯಾವ ಹಳ್ಳಿಯಲ್ಲಿ ಎಷ್ಟು ಈರುಳ್ಳಿ ಬಿದ್ದಿದೆ ಎಂಬ ಸುದ್ದಿ ಕೂತಲ್ಲೇ ಸಿಗುತ್ತಿತ್ತು. ಕಾರಿನ ಹಿಂದುಗಡೆ "ತಲೆ, ಕೈ ಹೊರಗೆ ಚಾಚಬಾರದು" ಎಂದು ಬರೆಸಿದರು.

ತೊಂದರೆ ಬೇರೆ ಕಡೆಯಿಂದ ಬಂತು. ಈಗ ಎದುರುಬದುರಾದರೆ ಗಾಡಿಯಾದ ಸೈಕಲ್ಲೂ ಇಳಿಯುವಂತಿಲ್ಲ, ಬಸ್ಸಾದ ಕಾರೂ ಇಳಿಯುವಂತಿಲ್ಲ. ಎರಡೂ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತಿದ್ದವು. ಪ್ರಯಾಣಿಕರು ಇಳಿದು ಬುತ್ತಿ ಬಿಚ್ಚುತ್ತಿದ್ದರು. ಒಮ್ಮೆ ಹುಚ್ಚಮ್ಮನ ಕೋಳಿಯೊಂದು ಅಲ್ಲೇ ಮೊಟ್ಟೆ ಇಟ್ಟಿತು. ಅದಕ್ಕೂ ಟಿಕೇಟು ಬೇಕೇ ಎಂಬ ಪ್ರಶ್ನೆ ಎದ್ದು ಸಂಜೆಯಾಯಿತು.

ಉಪಕಚೇರಿಯು ಮತ್ತೆ ಲೆಕ್ಕ ಹಾಕಿತು. ಬಸ್ಸು ಏಳೂವರೆ, ಗಾಡಿ ನಾಲ್ಕು, ಒಟ್ಟು ಹನ್ನೊಂದೂವರೆ. ಇರುವುದು ಒಂಬತ್ತು. ಎರಡೂವರೆ ಅಡಿಯ ಕೊರತೆ. ರಸ್ತೆಯ ಪಕ್ಕದಲ್ಲಿ ಎರಡು ಅಡಿ ಅಗಲದ ಡಾಂಬರಿನ ಸೈಕಲ್ ದಾರಿಯೊಂದನ್ನು ಮಂಜೂರು ಮಾಡಿ, ಉಳಿದ ಅರ್ಧ ಅಡಿಯನ್ನು ಉಭಯತ್ರರೂ ಸೌಹಾರ್ದದಿಂದ ಹೊಂದಿಸಿಕೊಳ್ಳತಕ್ಕದ್ದೆಂದು ಆದೇಶವಾಯಿತು. ಅನುಭವದ ದೃಷ್ಟಿಯಿಂದ ಕಾಮಗಾರಿಯನ್ನು ಷಡಕ್ಷರಿಯವರಿಗೇ ವಹಿಸಲಾಯಿತು.

ಷಡಕ್ಷರಿಯವರು ಒಂದು ದಿನದಲ್ಲಿ ಕೆಲಸ ಮುಗಿಸಿದ್ದಾಗಿ ತಿಳಿಸಿದರು. ಇಲಾಖೆಯ ಇತಿಹಾಸದಲ್ಲಿ ಇಷ್ಟು ಬೇಗ ಮುಗಿದ ಕಾಮಗಾರಿ ಇನ್ನೊಂದಿಲ್ಲ. ದ್ವಾರಕಾನಾಥರು ಅಳತೆಗೆ ಬಂದರು. ರಸ್ತೆಯ ಪಕ್ಕದಲ್ಲಿ ಮೊದಲಿನ ಹಾಗೆ ಮಣ್ಣೂ ಗರಿಕೆಯೂ ಇದ್ದವು.

"ದಾರಿ ಎಲ್ರೀ?"

"ಅಳೀರಿ ಸ್ವಾಮಿ," ಎಂದರು ಷಡಕ್ಷರಿಯವರು.

ಈರಣ್ಣ ಟೇಪಿನ ತುದಿಯನ್ನು ಡಾಂಬರಿನ ಅಂಚಿಗೆ ಇಟ್ಟ. ಎಳೆಯುವ ಅಗತ್ಯ ಬೀಳಲಿಲ್ಲ. ಇಟ್ಟ ಕಡೆಯೇ ಎರಡು ಎಂದಿತ್ತು.

ದ್ವಾರಕಾನಾಥರು ಸ್ವಲ್ಪ ಹೊತ್ತು ಆ ಎರಡನ್ನು ನೋಡಿದರು. ಇದನ್ನು ಒಪ್ಪದಿದ್ದರೆ ಒಂಬತ್ತನ್ನೂ ಒಪ್ಪುವಂತಿಲ್ಲ, ನಾಲ್ಕನ್ನೂ ಏಳೂವರೆಯನ್ನೂ ಒಪ್ಪುವಂತಿಲ್ಲ. ಅಳತೆ ಪುಸ್ತಕ ತೆಗೆದು ಎರಡು ಎಂದು ಬರೆದರು. ಬಿಲ್ಲು ಎಂಟು ದಿನದಲ್ಲಿ ಪಾಸಾಯಿತು.

ಉದ್ಘಾಟನೆಗೆ ತರೀಕೆರೆಯಿಂದ ಗಣ್ಯರೊಬ್ಬರು ಬಂದರು. ಹಾರ ಹಾಕಿಸಿಕೊಂಡು, "ಸೈಕಲ್ ದಾರಿ ಯಾವುದು?" ಎಂದು ಕೇಳಿದರು. ತಾವು ಅದರ ಮೇಲೆಯೇ ನಿಂತಿದ್ದೀರಿ ಎಂದು ದ್ವಾರಕಾನಾಥರು ಕಿವಿಯಲ್ಲಿ ಹೇಳಿದರು. ಗಣ್ಯರು ತಕ್ಷಣ ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿದು, ಇಂಥ ದಾರಿಯನ್ನು ತಾವು ಎಲ್ಲೂ ನೋಡಿಲ್ಲವೆಂದು ಭಾಷಣ ಮಾಡಿದರು. ಅಂದಿನಿಂದ ಕಾರು ಬಂದಾಗ ಸೈಕಲ್ಲಿನವರು ಮೊದಲಿನಂತೆ ಮಣ್ಣಿಗೆ ಹೋಗುತ್ತಿದ್ದಾರೆ. ಮೊದಲು ಅದನ್ನು ಇಳಿಯುವುದು ಎನ್ನುತ್ತಿದ್ದರು. ಈಗ ದಾರಿ ಹತ್ತುವುದು ಎನ್ನುತ್ತಾರೆ.

ಇದರಿಂದ ಗುಂಡಣ್ಣನವರ ಅರ್ಜಿಗೂ ಒಳ್ಳೆಯದಾಯಿತು. ಈಗ ಸೈಕಲ್ ದಾರಿ ಇದೆ. ಅಂದ ಮೇಲೆ ಜುಲೈನಲ್ಲಿ ಇರಲಿಲ್ಲ. ಇರಲಿಲ್ಲವಾದ್ದರಿಂದ ಅಂದು ಅಪಘಾತವಾಗಿರುವ ಸಂಭವವಿದೆ ಎಂದು ಕಡೂರಿನ ಮೇಲಿನ ಕಚೇರಿ ಅಭಿಪ್ರಾಯಪಟ್ಟು, ನಷ್ಟದ ಅಂದಾಜು ಕಳಿಸುವಂತೆ ಬರೆಯಿತು.

ದ್ವಾರಕಾನಾಥರು ಗುಂಡಣ್ಣನವರ ಮನೆಗೇ ಬಂದರು. ಸೀತಾದೇವಿಯವರು ಡಬ್ಬದಲ್ಲಿ ಉಳಿದಿದ್ದ ಒಂಟಿ ಹಪ್ಪಳವನ್ನು ತಂದಿಟ್ಟರು. ಈರಣ್ಣ ಟೇಪು ಹಿಡಿದ. ಅರ್ಧ ಅಡಿಯ ಹಪ್ಪಳ ಎರಡೂವರೆ ಅಡಿ ಬಂತು.

"ಇಷ್ಟು ದೊಡ್ಡ ಹಪ್ಪಳ ಕರಿಯೋ ಬಾಣಲೆ ಎಲ್ಲಿದೆ ತಾಯೀ?"

"ನಮ್ಮನೇಲಿ ಸಣ್ಣ ಬಾಣಲೇಲೇ ಕರೀತೀನಿ. ಹಿಡೀತದೆ," ಎಂದರು ಸೀತಾದೇವಿ. "ಅದಿರಲಿ, ದುಡ್ಡು ಯಾವಾಗ ಕೊಡ್ತೀರಿ? ಬಿಸಿಲು ಬಲೀತಾ ಇದೆ. ಉದ್ದು ತರ್ಬೇಕು, ಅರೀಬೇಕು, ಒಣಹಾಕ್ಬೇಕು. ಶಿವರಾತ್ರಿ ಕಳೆದ್ಮೇಲೆ ಕೊಟ್ರೆ ಏನ್ ಬಂತು?"

"ನಿಮ್ಮ ಕೆಲಸದಲ್ಲೇ ಇದೀನಿ ತಾಯೀ."

ಇಲಾಖೆಯ ದರಪಟ್ಟಿಯಲ್ಲಿ ಹಪ್ಪಳ ಇರಲಿಲ್ಲ. ಎರಡೂವರೆ ಅಡಿಯ, ತೆಳ್ಳನೆಯ, ಒಣಗಿದ, ಮಡಿಚಿದರೆ ಮುರಿಯುವ ವಸ್ತು ಯಾವುದೆಂದು ಹುಡುಕಿದಾಗ ಬಿದಿರಿನ ತಟ್ಟಿ ಸಿಕ್ಕಿತು. ಹಪ್ಪಳವನ್ನು ತಟ್ಟಿಗೆ ಸಮವೆಂದು ಕಡೂರು ಒಪ್ಪಿತು. ಆ ವರ್ಷದ ಹಣವೆಲ್ಲ ಸೈಕಲ್ ದಾರಿಗೆ ಖರ್ಚಾಗಿದ್ದರೂ, ಉಗ್ರಾಣದಲ್ಲಿ ತಟ್ಟಿಗಳಿಗೆ ಬರವಿರಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಗುಂಡಣ್ಣನವರು ಕಡೂರಿಗೆ ಹೋದರು. ಮಲ್ಲಿಕಾರ್ಜುನಪ್ಪನವರ ಬಸ್ಸಿನಲ್ಲೇ ಹೋದರು. ಉಗ್ರಾಣದ ಮುಂದೆ ಹಪ್ಪಳಕ್ಕೊಂದು ತಟ್ಟಿ ಸಂದಾಯವಾಗುವುದನ್ನು ಮಲ್ಲಿಕಾರ್ಜುನಪ್ಪನವರೂ ನೋಡಿದರು. ಅವರ ಈರುಳ್ಳಿ ಕೊಟ್ಟಿಗೆಗೆ ಈ ಸಲ ಹೊಸ ತಟ್ಟಿ ಬೇಕಿತ್ತು.

"ಇದ್ರಲ್ಲಿ ಅರ್ಧ ನಂಗೆ ಹಾಕ್ಬಿಡಿ ಗುಂಡಣ್ಣನೋರೇ. ಅವತ್ತು ಜೇಬಿಗೆ ಹಾಕಿದ ಕೈ ಇನ್ನೂ ಹೊರಗೆ ತೆಗೆದಿಲ್ಲ ನಾನು," ಎಂದು ಅಲ್ಲೇ ನೋಟು ಎಣಿಸಿ ಕೊಟ್ಟರು. ಗುಂಡಣ್ಣನವರು ಆ ದುಡ್ಡಿನಲ್ಲಿ ಕಡೂರಿನಲ್ಲೇ ಒಂದು ಮೂಟೆ ಉದ್ದು ತೆಗೆದುಕೊಂಡರು. ಅದನ್ನೂ ಉಳಿದ ತಟ್ಟಿಗಳನ್ನೂ ಒಂದು ನಿಜವಾದ ಎತ್ತಿನ ಗಾಡಿಗೆ ಹೇರಿಸಿದರು.

ಗಾಡಿ ಮನೆ ಮುಂದೆ ನಿಂತಾಗ ಸೀತಾದೇವಿಯವರು ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಮೊದಲು ಉದ್ದಿನ ಮೂಟೆಯನ್ನು ಒತ್ತಿ ನೋಡಿದರು. ಆಮೇಲೆ ಮೇಲಕ್ಕೆ ನೋಡಿದರು.

"ರೀ, ಕೊನೆಗೂ ಕಚೇರಿಯೋರು ಎಷ್ಟು ಕೊಟ್ರು?"

"ದುಡ್ಡು ಕೊಡ್ಲಿಲ್ಲ ಕಣೇ. ಹಪ್ಪಳಾನೇ ವಾಪಸ್ ಕೊಟ್ರು. ನಾನೂರು. ಹಪ್ಪಳ ಮುಟ್ಟಿತು ಅಂತ ರುಜು ಹಾಕಿ ತಂದಿದೀನಿ."

ಸೀತಾದೇವಿಯವರು ಗಾಡಿಯಿಂದ ಒಂದು ತಟ್ಟಿಯನ್ನು ಎಳೆದು, ಬಿಸಿಲಿಗೆ ಹಿಡಿದು, ಅಂಚನ್ನು ಉಗುರಿನಿಂದ ಎರಡು ಸಲ ಮೀಟಿ ನೋಡಿದರು.

"ಸ್ವಲ್ಪ ದಪ್ಪ ಲಟ್ಟಿಸಿದಾರೆ," ಎಂದರು.