ಹೆಂಡತಿಯ ಹೆಸರಿನಲ್ಲಿ ಗಂಡನ ರಕ್ತ

ಸೂಜಿ ತೋಳಿನಿಂದ ಹೊರಬಂದ ಮೇಲೆಯೇ ಆಯ್ತಪ್ಪ ಸೀಸೆಯ ಮೇಲಿನ ಚೀಟಿ ಓದಿದ್ದು. ಅದರಲ್ಲಿದ್ದದ್ದು ಹೆಂಡತಿಯ ಹೆಸರು.

ಆಯ್ತಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಯಾರು ಏನು ಹೇಳಿದರೂ "ಆಯ್ತು" ಎನ್ನುವ ಆಸಾಮಿಗೆ ಬಣ್ಣದ ಅಂಗಡಿಯ ಜೊತೆಯವರು ಕೊಟ್ಟ ಬಿರುದು. ಬೆಳಿಗ್ಗೆ ಮನೆ ಬಾಗಿಲು ತಟ್ಟಿದ ಲ್ಯಾಬಿನವನು ಕಿವಿಗೆ ಫೋನು ಸಿಕ್ಕಿಸಿಕೊಂಡೇ "ಕೂತ್ಕೊಳ್ಳಿ, ತೋಳು ಚಾಚಿ" ಅಂದಿದ್ದ. ಮಗುವಿಗಾಗಿ ಗಂಡ ಹೆಂಡತಿ ಇಬ್ಬರದೂ ಪರೀಕ್ಷೆ ಆಗಬೇಕೆಂದು ಡಾಕ್ಟರಮ್ಮ ಹೇಳಿದ್ದರಲ್ಲ, ಇದು ತನ್ನ ಸರದಿ ಎಂದುಕೊಂಡು ಇವನು ಚಾಚಿದ್ದ. "ಅಯ್ಯೋ, ಸ್ವಲ್ಪ ನಿಲ್ಲಿ" ಎನ್ನುವಷ್ಟರಲ್ಲಿ ಅವನು ಮೆಟ್ಟಿಲಿಳಿದು ಸ್ಕೂಟರ್ ಹತ್ತಿಯಾಗಿತ್ತು.

ಚೀಟಿಯಲ್ಲಿದ್ದ ಎಎಂಎಚ್ ಅಂದರೆ ಏನೆಂದು ಅವನಿಗೆ ಗೊತ್ತಿತ್ತು. ಹೆಂಗಸಿನ ಅಂಡಾಶಯದಲ್ಲಿ ಅಂಡಗಳ ದಾಸ್ತಾನು ಎಷ್ಟು ಉಳಿದಿದೆ ಎಂದು ಅಂದಾಜು ಹೇಳುವ ಪರೀಕ್ಷೆ. ಮೂವತ್ತೇಳರ ಹೆಂಡತಿ ಅದನ್ನೇ ನೆನೆದು ತಿಂಗಳಿಂದ ನಿದ್ದೆಗೆಟ್ಟಿದ್ದಳು. ಅಂಕಿ ತೀರಾ ಕಡಿಮೆ ಬಂದರೆ ಚಿಕಿತ್ಸೆಯಲ್ಲಿ ಸಿಗುವ ಅಂಡಗಳೂ ಕಡಿಮೆ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಲ್ಯಾಬಿನವನಿಗೆ ಕಾದು ಕಾದು ಅವಳು ಆಗಷ್ಟೇ ಕೆಲಸಕ್ಕೆ ಹೊರಟಿದ್ದಳು. ಫೋನ್ ಮಾಡುವ ಧೈರ್ಯ ಇವನಿಗೆ ಬರಲಿಲ್ಲ. ಸಂಜೆ ಹೇಳಿದರಾಯಿತು ಎಂದು ಅಂಗಡಿಗೆ ಹೋದ.

ನಾಲ್ಕಕ್ಕೆ ಹೆಂಡತಿಯದೇ ಫೋನ್.

"ರೀ, ರಿಪೋರ್ಟ್ ಬಂತು! ಮೂರೂವರೆ ಇದೆ, ನನ್ನ ವಯಸ್ಸಿಗೆ ತುಂಬಾ ಚೆನ್ನಾಗಿದೆಯಂತೆ!" ಅವಳಿಗೆ ಅಳು ನಗು ಒಟ್ಟಿಗೇ ಬರುತ್ತಿತ್ತು. "ಐದಕ್ಕೆ ಕ್ಲಿನಿಕ್ಕಿಗೆ ಹೋಗ್ತಿದೀನಿ. ಇಂಜೆಕ್ಷನ್ ಎಷ್ಟು ಅಂತ ಇವತ್ತೇ ಬರೆದುಕೊಡ್ತಾರೆ."

"ಆಯ್ತು" ಎಂದು ಫೋನಿಟ್ಟ ಆಯ್ತಪ್ಪ ತಿಳಿಬೂದು ಕೇಳಿದ ಗಿರಾಕಿಗೆ ಕಡುಗುಲಾಬಿ ಕಲಸಿ ಕೊಟ್ಟ. "ಏನಾಯ್ತೋ ನಿಂಗೆ?" ಎಂದು ಗಲ್ಲಾದ ಅಕ್ಕ ಗದರಿದಾಗ ಪಿಸುದನಿಯಲ್ಲಿ ಎಲ್ಲ ಒಪ್ಪಿಸಿದ. ಅಕ್ಕನಿಗೆ ಪಿಸುದನಿ ಬರುತ್ತಿರಲಿಲ್ಲ.

"ಕೇಳಿದ್ರಾ ಯಜಮಾನ್ರೇ? ಇವನ ರಕ್ತ ನೋಡಿ ಹೆಂಡ್ತಿಗೆ ಇಂಜೆಕ್ಷನ್ ಕೊಡ್ತಾರಂತೆ!"

ಯಜಮಾನರ ಸೊಸೆಗೂ ಅದೇ ಚಿಕಿತ್ಸೆ ಆಗಿತ್ತು. "ಲೇ, ಆ ಅಂಕಿ ನೋಡ್ಕೊಂಡೇ ಕಣೋ ಡೋಸ್ ಗೊತ್ತುಮಾಡೋದು! ನಡಿ, ವ್ಯಾನ್ ಹತ್ತು!"

ಮುಂದೆ ಯಜಮಾನರು, ಅಕ್ಕ. ಹಿಂದೆ ಬಣ್ಣದ ಡಬ್ಬಗಳ ನಡುವೆ ಆಯ್ತಪ್ಪ. ಒಂದು ತಿರುವಿನಲ್ಲಿ ಡಬ್ಬದ ಮುಚ್ಚಳ ಹಾರಿತು. ಕ್ಲಿನಿಕ್ ತಲುಪುವಾಗ ಅವನ ಬಲಗಾಲು ಪೂರ್ತಿ ಹಳದಿಯಾಗಿತ್ತು. ಹಾಗೆಯೇ ಓಡಿ, ಡಾಕ್ಟರಮ್ಮನ ಕೋಣೆಯ ಬಾಗಿಲು ತಳ್ಳಿ, ಹಜಾರಕ್ಕೆಲ್ಲ ಕೇಳುವಂತೆ ಅರಚಿದ.

"ಬರೀಬೇಡಿ ಡಾಕ್ಟ್ರೇ! ಆ ಅಂಡಗಳು ಅವಳವಲ್ಲ, ನನ್ನವು!"

ಬೆಳಗಿನ ಕತೆಯನ್ನು ತೊದಲುತ್ತಾ ಹೇಳಿ ಮುಗಿಸಿದಾಗ ಡಾಕ್ಟರಮ್ಮ ಕಾಗದವನ್ನು ಮತ್ತೊಮ್ಮೆ ನೋಡಿದರು. "ಇದು ಲ್ಯಾಬಿನಲ್ಲೇ ತೆಗೆದ ರಕ್ತ ಅಂತ ಇದೆಯಲ್ಲ?"

"ಹೌದು, ಅವನು ಬರಲೇ ಇಲ್ಲ ಅಂತ ದಾರೀಲಿ ನಾನೇ ಹೋಗಿ ಕೊಟ್ಟೆ," ಎಂದಳು ಹೆಂಡತಿ. "ಮನೆಗೆ ಕಳಿಸ್ಬೇಡಿ ಅಂತಾನೂ ಹೇಳಿದ್ದೆ. ರೀ, ನೀವ್ಯಾಕೆ ತೋಳು ಕೊಟ್ರಿ?"

ಆಯ್ತಪ್ಪನಿಗೆ ಹೋದ ಜೀವ ಬಂದಂತಾಯಿತು. ಮೂರೂವರೆ ಅವಳದೇ! ಅಲ್ಲೇ ಕುರ್ಚಿಗೆ ಕುಸಿದ. ಕುರ್ಚಿಯೂ ಹಳದಿಯಾಯಿತು.

"ಮಗು ಆಗೇ ಆಗುತ್ತೆ ಅಂತ ಈ ಅಂಕಿ ಮಾತು ಕೊಡಲ್ಲ," ಎಂದರು ಡಾಕ್ಟರಮ್ಮ. "ಆದ್ರೆ ಔಷಧಿ ಕೊಟ್ರೆ ಸಾಕಷ್ಟು ಅಂಡಗಳು ಬರೋ ಲಕ್ಷಣ ಇದೆ."

ಅಷ್ಟರಲ್ಲಿ ಹೆಂಡತಿಯ ಫೋನ್ ಸದ್ದು ಮಾಡಿತು. ಲ್ಯಾಬಿನಿಂದ ಇನ್ನೊಂದು ರಿಪೋರ್ಟ್, ಅವಳದೇ ಹೆಸರಿಗೆ. ಹಿಂದೆಯೇ ಬಂದಿದ್ದ ಅಕ್ಕ ಹೆಗಲ ಮೇಲಿಂದ ಇಣುಕಿದಳು.

"ಆರು! ಯಜಮಾನ್ರೇ, ಇವನದು ಹೆಂಡ್ತಿಗಿಂತ ಜಾಸ್ತಿ!"

"ಗಂಡಸರಲ್ಲೂ ಈ ಹಾರ್ಮೋನ್ ಇರುತ್ತೆ, ಅದರ ಅರ್ಥ ಬೇರೆ," ಎಂದು ಡಾಕ್ಟರಮ್ಮ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಹಜಾರದಲ್ಲಿ ಚಪ್ಪಾಳೆಯೇ ಬಿತ್ತು. ಆಯ್ತಪ್ಪನ ಮಾನ ಮೂರುಕಾಸಿಗೆ ಹರಾಜಾಯಿತು. ಆದರೆ ವರ್ಷದಿಂದ ಮನಸಾರೆ ನಗದಿದ್ದ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅದನ್ನು ಕಂಡು ಅವನಿಗೆ ಸಿಟ್ಟೂ ಬರಲಿಲ್ಲ.

ಅವಳು ಕಣ್ಣೊರೆಸಿಕೊಂಡು ಹೇಳಿದಳು: "ಡಾಕ್ಟ್ರೇ, ಇಂಜೆಕ್ಷನ್ ಇವರಿಂದಲೇ ಶುರು ಮಾಡಿ."