ಮಾಪಣ್ಣ ನಕಲಿಯಾದ ಭಾನುವಾರ

ತಮ್ಮ ಮನೆಯೊಳಗೆ ಒಬ್ಬ ಮೋಸಗಾರನೂ ಕಾಲಿಡಬಾರದು, ಫೋನಿನ ಮೂಲಕವಂತೂ ಇಡಲೇಬಾರದು ಎಂದು ಮುಂಬೈ ಪಕ್ಕದ ಡೊಂಬಿವಲಿಯ ರಘುಪತಿಯವರು ಶಪಥ ಮಾಡಿದ್ದರು. ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂದ ಕಾಲ ಅದು. ಅದರ ಬೆನ್ನಿಗೇ ಲಾಟರಿ ಹೊಡೆದಿದೆ ಎನ್ನುವವರು, ಗೆಳೆಯರ ಹೆಸರಿನಲ್ಲಿ ಖಾತೆ ತೆರೆದು ಕಷ್ಟ ತೋಡಿಕೊಳ್ಳುವವರು, ಎಲ್ಲರೂ ಬಂದಿದ್ದರು. ಪೇಪರಿನಲ್ಲಿ ಬಂದ ಇಂಥ ಸುದ್ದಿಗಳನ್ನೆಲ್ಲ ಅರೆದು ಕುಡಿದ ರಘುಪತಿ, ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಮೈಕ್ ಹಿಡಿದು ಗುಡುಗಿದ್ದರು.

"ಹೊಸ ಖಾತೆ, ಫೋಟೊ ಇಲ್ಲ, ಅವಸರದ ಬೇಡಿಕೆ! ಇಷ್ಟು ಕಂಡರೆ ಸಾಕ್ಷಾತ್ ಒಡಹುಟ್ಟಿದವನೇ ಬರೆದರೂ ನಂಬಬೇಡಿ. ನಂಬರ್ ಕದಿಯುತ್ತಾರೆ, ಸ್ವರವನ್ನೂ ಅನುಕರಿಸುತ್ತಾರೆ. ಅಸಲಿ ಮನುಷ್ಯನಿಗೆ ಮಾತ್ರ ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ!"

ಚಪ್ಪಾಳೆ ಬಿತ್ತು. ಊಟಕ್ಕೆ ಹೊತ್ತು ಮೀರಿದ್ದರಿಂದ ಜೋರಾಗಿಯೇ ಬಿತ್ತು.

ಅದಾದ ಸ್ವಲ್ಪ ದಿನಕ್ಕೆ, ಒಂದು ಭಾನುವಾರ ಬೆಳಿಗ್ಗೆ ಫೇಸ್‌ಬುಕ್ಕಿನಲ್ಲಿ ಅವರಿಗೊಂದು ಸಂದೇಶ ಬಂತು. "ರಘುಪತಿ, ನಾ ಮಾಪಣ್ಣ. ಫೋನ್ ಹೋಗ್ಯದ. ಕಲ್ಯಾಣದಾಗ ದವಾಖಾನಿಗಿ ಸೇರೀನಿ. ಆಪರೇಷನ್‌ಗೆ ರಕ್ತ ಬೇಕಂತ. ಲಗೂನ ಬಾ." ಕೆಳಗೆ ಆಸ್ಪತ್ರೆಯ ಹೆಸರು, ವಾರ್ಡು.

ಮಾಪಣ್ಣ ಕಲಬುರ್ಗಿ ಕಡೆಯವನು, ಟಿಟ್ವಾಳಾದಲ್ಲಿ ಮನೆ. ಕಲ್ಯಾಣದ ಟ್ರಾನ್ಸ್‌ಪೋರ್ಟ್ ಕಂಪನಿಯೊಂದರಲ್ಲಿ ಅವನೂ ರಘುಪತಿಯೂ ಒಂದೇ ಮೇಜಿನ ಎರಡು ಬದಿಗೆ ಕೂತು ತಲೆಗೂದಲು ಬೆಳ್ಳಗೆ ಮಾಡಿಕೊಂಡವರು. ಆದರೆ ರಘುಪತಿಯ ಕಣ್ಣಿಗೆ ಮಾಪಣ್ಣ ಕಾಣಲಿಲ್ಲ. ಕಂಡದ್ದು ಹೊಸ ಖಾತೆ, ಫೋಟೊ ಇಲ್ಲದ ಬೋಳು ಮುಖ, ಅವಸರ!

"ಸಿಕ್ಕಿಬಿದ್ದ ಕಳ್ಳ!" ಎಂದು ಅವರು ಕುರ್ಚಿಯಿಂದೆದ್ದರು. "ನೋಡೇ ಜಯಲತಾ, ಅವನ ಭಾಷೆಯನ್ನೂ ಕಲಿತುಕೊಂಡಿದ್ದಾನೆ!"

ಹೆಂಡತಿ ಜಯಲತಾ ದೋಸೆ ಮಗುಚುತ್ತಿದ್ದರು. "ಅವರಿಗೆ ಒಂದು ಫೋನ್ ಮಾಡಿ ಮಾರಾಯ್ರೆ."

ಮಾಡಿದರು. ಸ್ವಿಚ್ ಆಫ್. ರಘುಪತಿಗೆ ಅದೂ ಒಂದು ಸಾಕ್ಷಿಯಾಯಿತು. ಕೂಡಲೇ ಪರೀಕ್ಷೆ ಶುರು ಮಾಡಿದರು: "ನಾವು ಮೊದಲ ಸಲ ಟಿಟ್ವಾಳಾ ಗಣಪತಿಗೆ ಹೋದಾಗ ಹೊರಗೆ ಬಂದು ಏನು ತಿಂದೆವು?"

ತುಸು ತಡೆದು ಉತ್ತರ ಬಂತು: "ನೆನಪಿಲ್ಲೋ. ತೊಡಿ ಮುರದದ."

"ಫೇಲ್!" ಎಂದರು ರಘುಪತಿ.

"ನಿಮಗೆ ನೆನಪುಂಟಾ?"

"ನನ್ನನ್ನು ಯಾಕೆ ಕೇಳ್ತಿ? ಪರೀಕ್ಷೆ ಅವನಿಗೆ!"

ಆ ಸಂದೇಶದ ಚಿತ್ರ ತೆಗೆದು, ಮೇಲೆ ಕೆಂಪಕ್ಷರದಲ್ಲಿ 'ನಕಲಿ ಮಾಪಣ್ಣ! ಎಚ್ಚರ! ಯಾರೂ ಉತ್ತರಿಸಬೇಡಿ!' ಎಂದು ಬರೆದು ಫೇಸ್‌ಬುಕ್ಕಿಗೂ ಸಂಘದ ವಾಟ್ಸಾಪ್ ಗುಂಪಿಗೂ ಹಾಕಿದರು. ಹೊಗಳಿಕೆಯ ಮಳೆ ಸುರಿಯಿತು. ಸಂಘದ ಕಾರ್ಯದರ್ಶಿ ಹಣಮಂತ್ರಾಯರು, "ನನಗೂ ಬಂದಿತ್ರೀ, ಹೊಂಟು ನಿಂತಿದ್ದೆ. ಬದುಕಿಸಿದ್ರಿ!" ಎಂದು ಕೈಮುಗಿದ ಚಿಹ್ನೆ ಕಳಿಸಿದರು.

ಜಯಲತಾ ಒಲೆ ಆರಿಸಿ ಸೀರೆ ಬದಲಿಸಿ ಬಂದರು. "ನಡೀರಿ."

"ಎಲ್ಲಿಗೆ?"

"ಕಲ್ಯಾಣಕ್ಕೆ. ಅದೆಂತ ದುಬೈಯಾ? ಸುಳ್ಳಾದರೆ ಚಾ ಕುಡಿದು ವಾಪಸ್ ಬರುವ."

ಕಳ್ಳನನ್ನು ಕೈಯಾರೆ ಹಿಡಿಯುವ ಹುರುಪಿನಲ್ಲಿ ರಘುಪತಿ ಹೊರಟರು. ಲೋಕಲ್ ರೈಲು ಠಾಕುರ್ಲಿ ದಾಟುವಷ್ಟರಲ್ಲಿ ಅವನಿಗೆ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಮನಸ್ಸಿನಲ್ಲೇ ಹೊಂದಿಸಿಕೊಂಡರು.

ವಾರ್ಡಿನ ಬಾಗಿಲಲ್ಲಿ ಆ ಪ್ರಶ್ನೆಗಳೆಲ್ಲ ಉದುರಿಹೋದವು. ಕಿಟಕಿ ಪಕ್ಕದ ಹಾಸಿಗೆಯಲ್ಲಿ, ತೊಡೆಗೆ ಪಟ್ಟಿ ಬಿಗಿದುಕೊಂಡು, ಮಾಪಣ್ಣ ಮಲಗಿದ್ದ. ಗಡ್ಡ ಬೆಳೆದಿತ್ತು, ತುಟಿ ಒಣಗಿತ್ತು. ದಿವಾ ಸ್ಟೇಷನ್ ದಾಟಿದ ಮೇಲೆ ಲೋಕಲ್‌ನ ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡುವಾಗ, ಅದನ್ನು ಬೀಳಿಸಿ ಕದಿಯಲು ಹಳಿಯ ಬದಿಯಿಂದ ಯಾರೋ ಕೈಗೆ ಕೋಲು ಬೀಸಿದ್ದರು. ಜಾರಿದ ಫೋನ್ ಹಿಡಿಯಲು ಹೋಗಿ ಅವನೂ ಬಿದ್ದಿದ್ದ. ಹೆಂಡತಿ ರತ್ನಾಬಾಯಿ ಮದುವೆಗೆಂದು ಊರಿಗೆ ಹೋದವಳು, ಸುದ್ದಿ ತಿಳಿದು ರೈಲು ಹತ್ತಿದ್ದಳು. ಅವಳದೊಂದು ಬಿಟ್ಟು ಬೇರೆ ಯಾರ ನಂಬರೂ ಅವನಿಗೆ ಬಾಯಿಪಾಠವಿರಲಿಲ್ಲ. ಪಕ್ಕದ ಹಾಸಿಗೆಯವನ ಫೋನಿನಲ್ಲಿ ಹೊಸ ಖಾತೆ ತೆರೆಸಿ, ಪರಿಚಯದ ಹೆಸರು ಹುಡುಕಿ ಹುಡುಕಿ ಬರೆದಿದ್ದ.

"ಬಂದ್ಯಾ?" ಎಂದ ಮಾಪಣ್ಣ. ಅಷ್ಟೇ. ಕಣ್ಣಂಚಿನಲ್ಲಿ ನೀರಿತ್ತು.

ರಘುಪತಿ ಅವನ ಕೈ ಹಿಡಿದುಕೊಂಡರು.

ರಕ್ತ ಕೊಡುವವರು ಬಂದ ಹೊರತು ಆಪರೇಷನ್ ಇಲ್ಲ ಎಂದಳು ನರ್ಸ್. ರಘುಪತಿ ಅಂಗಿಯ ತೋಳು ಮಡಚಿ ನಿಂತರು. ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆಂದು ತಿಳಿದ ಕೂಡಲೇ ಅವರನ್ನು ಪಕ್ಕಕ್ಕೆ ಸರಿಸಿದರು. ಜಯಲತಾ ಹೋಗಿ ಮಲಗಿ ರಕ್ತ ಕೊಟ್ಟು ಬಂದರು. ಅಷ್ಟು ಸಾಲದು, ಇನ್ನೂ ಬೇಕು.

ರಘುಪತಿ ಗುಂಪಿಗೆ ಬರೆದರು: 'ಮಾಪಣ್ಣ ಅಸಲಿ! ರಕ್ತ ಬೇಕು, ದಯವಿಟ್ಟು ಬೇಗ ಬನ್ನಿ!'

ಉತ್ತರ ಸಿಡಿಲಿನಂತೆ ಬಂತು: 'ಎಚ್ಚರ! ರಘುಪತಿಯವರ ಖಾತೆಯೂ ಕಳವಾಗಿದೆ!' ಮರುಕ್ಷಣ ಅವರನ್ನು ಗುಂಪಿನಿಂದಲೇ ಹೊರಹಾಕಿದರು.

ಹಣಮಂತ್ರಾಯರಿಗೆ ಫೋನ್ ಮಾಡಿದರು. "ರಾಯರೇ, ನಾನೇ, ರಘುಪತಿ!"

"ಸ್ವರ ಥೇಟ್ ಅವರದೇ ಅದ," ಎಂದರು ಹಣಮಂತ್ರಾಯರು ಮೆಚ್ಚುಗೆಯಿಂದ. "ಒಂದು ಪ್ರಶ್ನೆ. ವಾರ್ಷಿಕೋತ್ಸವದಾಗ ನೀವು ಎಷ್ಟೊತ್ತು ಭಾಷಣ ಮಾಡಿದ್ರಿ?"

"ಒಂದು ಹತ್ತು ನಿಮಿಷ."

"ತಪ್ಪು! ಅಸಲಿ ರಘುಪತಿಯವರು ಮುಕ್ಕಾಲು ತಾಸು ಕೊರದಾರ. ಇಡ್ರೀ ಫೋನು, ಕಳ್ ನನ್ಮಗನೇ!"

ರಘುಪತಿ ಗೋಡೆಗೆ ಒರಗಿದರು. ಜಯಲತಾ ಫೋನ್ ಕಸಿದುಕೊಂಡು ಮತ್ತೆ ಹಚ್ಚಿದರು.

"ಹಣಮಂತ್ರಾಯರೇ, ನಾನು ಜಯಲತಾ. ಮಾಪಣ್ಣ ನನ್ನ ಕಣ್ಣೆದುರೇ ನರಳ್ತಾ ಇದ್ದಾರೆ. ನಮ್ಮ ಯಜಮಾನರು ಅಸಲಿಯಾ ನಕಲಿಯಾ ಎಂದು ಪುರುಸೊತ್ತಿನಲ್ಲಿ ನೋಡುವ. ನೀವು ಮೊದಲು ಬನ್ನಿ!"

ಆ ದನಿಯನ್ನು ಅನುಕರಿಸಬಲ್ಲ ಕಳ್ಳ ಇನ್ನೂ ಹುಟ್ಟಿರಲಿಲ್ಲ. ಹಣಮಂತ್ರಾಯರು ಸಿಕ್ಕವರನ್ನೆಲ್ಲ ರಿಕ್ಷಾಕ್ಕೆ ತುಂಬಿಕೊಂಡು ಬಂದರು. ರಘುಪತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ತಲೆ ತಗ್ಗಿಸಿ, ಅಂಗಿಯ ತೋಳು ಮಡಚುತ್ತ ಒಳಗೆ ಹೋದರು. ಸಂಜೆಯ ಹೊತ್ತಿಗೆ ಆಪರೇಷನ್ ಮುಗಿದು, ಗಂಡಾಂತರವಿಲ್ಲ ಎಂದು ಡಾಕ್ಟರು ಹೇಳಿದರು.

ಮರುದಿನ ರತ್ನಾಬಾಯಿ ಬಂದಿಳಿದ ಮೇಲೆ, ರಘುಪತಿ ಗೆಳೆಯನ ಹಾಸಿಗೆ ಬಳಿ ಸ್ಟೂಲ್ ಎಳೆದುಕೊಂಡರು. ಎಳನೀರಿನ ಸ್ಟ್ರಾ ತಿರುಗಿಸುತ್ತ ಹೇಳಿದರು. "ಮಾಪಣ್ಣ, ಮಾಫ್ ಮಾಡೋ. ನೀನು ನಕಲಿ ಅಂತ ಊರಿಗೆಲ್ಲ ಸಾರಿಬಿಟ್ಟೆ."

"ಓದೀನಿ," ಎಂದ ಮಾಪಣ್ಣ ಮೆಲ್ಲಗೆ. "ಪಕ್ಕದಾಂವನ ಫೋನಿನಾಗ."

"ಓದಿ ಸಿಟ್ಟು ಬರಲಿಲ್ಲವಾ?"

"ಸಿಟ್ಟೆಲ್ಲಿ ಬರ್ತದ? ನೀ ಅಷ್ಟು ಖಾತ್ರಿಲಿ ಬರದಿದ್ದಿ," ಮಾಪಣ್ಣ ಕಣ್ಣು ಮುಚ್ಚಿದ. "ನನಗೇ ಒಂದು ಗಳಿಗಿ ಅನುಮಾನ ಬಂತು. ಹಾಸಿಗಿಗಿ ತೂಗುಹಾಕಿದ್ದ ಚೀಟಿ ಮ್ಯಾಲ ನನ್ನ ಹೆಸರು ಓದಿ ನೋಡಿದೆ."